ತಾಯಿ ಮನೆ ಯಾವುದು ಎಂದು ಕೇಳುತ್ತಿದ್ದ ಮಾಷ್ಟ್ರು

ಹೋದ ತಿಂಗಳು ನಮ್ಮ ಶಾಲೆಯಲ್ಲಿ ಮಾಷ್ಟ್ರಿಗೆ ಬೀಳ್ಕೊಡುಗೆ ಆಯಿತು. ಕೇಕು ಕತ್ತರಿಸಿದರು, ಗಾಜಿನ ಫಲಕ ಕೊಟ್ಟರು. ಬ್ರಿಟಿಷ್ ಪ್ರಿನ್ಸಿಪಾಲರು ನೋಡಿಕೊಂಡು ಓದಿದ ಭಾಷಣದಲ್ಲಿ ‘ನಂಬಿಕಸ್ಥ ಮನುಷ್ಯ’ ಎಂಬ ಮಾತು ಮತ್ತೆ ಮತ್ತೆ ಬಂತು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಒಳಗೊಳಗೇ ನಕ್ಕೆ. ಅಲ್ಲಿದ್ದವರಲ್ಲಿ ಅವರನ್ನು ಎಲ್ಲರಿಗಿಂತ ಹೆಚ್ಚು ಬಲ್ಲವಳು ನಾನು, ಎಲ್ಲರಿಗಿಂತ ಕಡಿಮೆ ನಂಬಿದವಳೂ ನಾನೇ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ನನ್ನ ಹೊಟ್ಟೆಪಾಡೇ ಅನುಮಾನ. ಅಬುಧಾಬಿಯ ಖಲೀಫಾ ಸಿಟಿಯ ಈ ಶಾಲೆಯ ಅಡ್ಮಿಶನ್ ಕೌಂಟರಿನಲ್ಲಿ ಕುಳಿತು ಮಕ್ಕಳ ಜನನಪತ್ರ, ಟಿಸಿ, ಅಟೆಸ್ಟೇಶನ್ ಸೀಲುಗಳನ್ನು ದಿನವಿಡೀ ನೋಡುವವಳು ನಾನು. ಸೀಲು ತೀರಾ ಸ್ಪಷ್ಟವಾಗಿದ್ದರೆ ನನಗೆ ಗುಮಾನಿ ಬರುತ್ತದೆ. ನಮ್ಮ ಕಡೆಯ ನಿಜವಾದ ಸರಕಾರಿ ಗುಮಾಸ್ತ ಅಷ್ಟು ನೆಟ್ಟಗೆ ಎಂದೂ ಸೀಲು ಒತ್ತಿದವನಲ್ಲ.

ಮಾಷ್ಟ್ರು ನಮ್ಮಲ್ಲಿ ಇತಿಹಾಸ ಕಲಿಸುತ್ತಿದ್ದರು. ಉಡುಪಿ ಕಡೆಯವರು. ತೆಳ್ಳಗೆ, ಎತ್ತರಕ್ಕೆ, ಹೊರಗೆ ಮರಳು ಕಾಯುತ್ತಿದ್ದರೂ ಏಸಿಗೆ ಹೆದರಿ ತೋಳಿಲ್ಲದ ಸ್ವೆಟರ್ ಹಾಕಿಕೊಂಡೇ ಇರುವವರು. ಎದುರಿನವರ ಮಾತು ನಂಬಿಕೆಯಾಗದಿದ್ದರೆ ಎಡಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಕೌಂಟರಿನ ಎದುರು ಬಂದು ನಿಂತು, ನಮಸ್ಕಾರವಿಲ್ಲ, ಊಟವಾಯಿತೇ ಎಂದಿಲ್ಲ, ನೇರವಾಗಿ ಕೇಳಿದ್ದು ಇಷ್ಟು:

“ಅಕ್ಕಾ, ನೀವು ನಮ್ಮ ಕಡೆಯವರಂತೆ. ತಾಯಿ ಮನೆ ಯಾವುದು?”

ನನಗಿಂತ ಎಷ್ಟೋ ದೊಡ್ಡವರು ಅಕ್ಕಾ ಎನ್ನುವುದು ನಮ್ಮ ಕಡೆಯ ಮರ್ಯಾದೆ, ಅದರಲ್ಲಿ ವಿಶೇಷವಿಲ್ಲ. ಆದರೆ ಗಂಡನ ಹೆಸರು ಕೇಳಲಿಲ್ಲ, ಅಪ್ಪ ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ತಾಯಿ ಮನೆ ಹೇಳಿದೆ. ಅಜ್ಜಿಯ ಮನೆ ಕೇಳಿದರು. ಹೇಳಿದೆ. ಅಜ್ಜಿಯ ಅಕ್ಕತಂಗಿಯರು ಎಲ್ಲಿಗೆ ಮದುವೆಯಾಗಿ ಹೋದರು ಎಂದು ಕೇಳಿದರು. ಇದು ಎಂತದಪ್ಪಾ, ವೀಸಾ ಕೊಡುವವರೂ ಇಷ್ಟು ಕೇಳಲಿಲ್ಲ ಎನಿಸಿತು.

“ನಿಮ್ಮದು ಯಾವ ಮನೆ ಮಾಷ್ಟ್ರೆ?” ಎಂದೆ.

“ನಮ್ಮದೆಂತ, ಸಣ್ಣ ಮನೆ,” ಎಂದು ಕಾರಿಡಾರಿನ ಕಡೆ ನಡೆದೇಬಿಟ್ಟರು.

ಅಂದಿನಿಂದ ನನಗೆ ಅವರ ಮೇಲೆ ಒಂದು ಕಣ್ಣು. ಬಸ್ಸಿನ ಉಸ್ತುವಾರಿಗೆ ಬಂದ ಬ್ಯಾರಿ ಹುಡುಗನನ್ನು ಹಿಡಿದು ಇದೇ ಪ್ರಶ್ನೆ. ದುಬೈಯಿಂದ ಯಾರೋ ಬಂಧುಗಳ ಮಗುವಿನ ಅಡ್ಮಿಶನ್ನಿಗೆ ಬಂದ ಕಾಪು ಕಡೆಯ ಹೆಂಗಸಿಗೂ ಇದೇ ಪ್ರಶ್ನೆ. ಮೊದಲು ಇವರು ಮದುವೆ ದಲ್ಲಾಳಿ ಇರಬೇಕು ಎಂದುಕೊಂಡೆ. ಆಮೇಲೆ ಜ್ಯೋತಿಷ್ಯವೋ ಎಂದುಕೊಂಡೆ. ಯಾರದೋ ಆಸ್ತಿ ವ್ಯಾಜ್ಯಕ್ಕೆ ಗುಟ್ಟಾಗಿ ಸಾಕ್ಷಿ ಸೇರಿಸುತ್ತಿದ್ದಾರೆ ಎಂದು ಒಂದು ವರ್ಷ ಗಟ್ಟಿಯಾಗಿ ನಂಬಿದ್ದೆ. ನನ್ನ ಗಂಡ ಮುಸಫ್ಫಾದ ಗೋದಾಮಿನಿಂದ ಸುಸ್ತಾಗಿ ಬಂದು ಸೋಫಾದಲ್ಲಿ ಬಿದ್ದವರು, “ಮಾರಾಯ್ತಿ, ಒಬ್ಬ ಮನುಷ್ಯ ಸುಮ್ಮನೆ ಮಾತಾಡ್ಲಿಕ್ಕೂ ಇಲ್ವಾ?” ಎನ್ನುತ್ತಿದ್ದರು. ಅವರಿಗೆ ಲೋಕದಲ್ಲಿ ಎಲ್ಲರೂ ಒಳ್ಳೆಯವರೇ.

ಇನ್ನು ಮಾಷ್ಟ್ರ ಹಾರ್ಕೂಮ್ ಹುಚ್ಚಿನ ಬಗ್ಗೆ ಹೇಳಬೇಕು. ಹಾರ್ಕೂಮ್ ಎಂದರೆ ಮಧ್ಯಯುಗದ ಇಂಗ್ಲೆಂಡಿನ ಒಂದು ಅರ್ಲ್ ಮನೆತನ, ದೊಡ್ಡ ಜಹಗೀರುದಾರರು. ನಾರ್ಮಂಡಿಯಿಂದ ದೊರೆಯ ಜೊತೆ ಹಡಗಿನಲ್ಲಿ ಬಂದ ಒಬ್ಬ ಸರದಾರ ಮೂಲಪುರುಷ. ಆಮೇಲೆ ಬಂದವರಲ್ಲಿ ಒಬ್ಬ ಫ್ರಾನ್ಸಿನ ಯುದ್ಧದಲ್ಲಿ ಹೋದ, ಒಬ್ಬ ಪ್ಲೇಗಿಗೆ ಹೋದ, ಒಬ್ಬನ ತಲೆಯನ್ನು ರಾಜನೇ ತೆಗೆಸಿದ. ಪಾಠಪುಸ್ತಕದಲ್ಲಿ ಇವರಿಗೆ ಸಿಕ್ಕಿದ್ದು ಅರ್ಧ ಪುಟ. ಮಾಷ್ಟ್ರಿಗೆ ಮಾತ್ರ ಅವರ ಅತ್ತೆ, ನಾದಿನಿ, ಸೋದರಸೊಸೆಯಂದಿರ ಹೆಸರೆಲ್ಲ ಬಾಯಿಪಾಠ. ಉಡುಪಿಯ ಮನುಷ್ಯ ಅಬುಧಾಬಿಯಲ್ಲಿ ಕುಳಿತು, ಸತ್ತುಹೋದ ಇಂಗ್ಲಿಷರ ಹೆಂಡತಿಯರನ್ನು ಎಣಿಸುವುದು ಯಾಕೆ? ನಾನಂತೂ ಇದರಲ್ಲಿ ಏನೋ ಉಂಟು ಎಂದೇ ಇದ್ದೆ.

ಕೊನೆಯ ಹಾರ್ಕೂಮ್ ಅರ್ಲ್ ಗಂಡುಮಕ್ಕಳಿಲ್ಲದೆ ಸತ್ತ. ನಾಲ್ಕು ಹೆಣ್ಣುಮಕ್ಕಳಿದ್ದರು. ಪುಸ್ತಕದಲ್ಲಿ, ಅಲ್ಲಿಗೆ ವಂಶ ಮುಗಿಯಿತು ಎಂದು ಬರೆದಿತ್ತು. ಆ ಸಾಲು ಬಂದಾಗಲೆಲ್ಲ ಮಾಷ್ಟ್ರಿಗೆ ಕೋಪ.

“ನಾಲ್ಕು ಹೆಣ್ಣು ಮಕ್ಕಳನ್ನು ಬಿಟ್ಟು ಸತ್ತವನ ವಂಶ ಮುಗಿಯಿತಂತೆ! ಇದು ಎಂತ ಲೆಕ್ಕ ಮಾರಾಯ್ರೆ? ನಮ್ಮಲ್ಲಾಗಿದ್ರೆ ನಾಲ್ಕು ಕವರು ಆಗಿ ಮನೆ ಬೆಳೀತಿತ್ತು.”

ಕವರು ಎಂದರೆ ನಮ್ಮಲ್ಲಿ ಒಬ್ಬ ಹೆಂಗಸಿನಿಂದ ಬೆಳೆದ ಕವಲು. ನಮ್ಮದು ಅಳಿಯಸಂತಾನ. ಮನೆ ತಾಯಿಯಿಂದ ಮಗಳಿಗೆ, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. ಕಾಯಿದೆ ಎಂದೋ ಬದಲಾಗಿದೆ. ಆದರೆ ‘ಬರಿ’ ಬದಲಾಗಿಲ್ಲ. ಅದು ಬೇರೆಯವರಿಗೆ ಗೋತ್ರವಿದ್ದ ಹಾಗೆ. ಅಪ್ಪನಿಂದ ಬರುವುದಿಲ್ಲ, ಅಮ್ಮನಿಂದ ಬರುತ್ತದೆ. ಒಂದೇ ಬರಿಯವರು ಎಲ್ಲಿ ಹುಟ್ಟಿದ್ದರೂ ಅಣ್ಣತಂಗಿ, ಮದುವೆ ಇಲ್ಲ.

ಈ ನಮ್ಮ ಪದ್ಧತಿ ಮಾಷ್ಟ್ರ ರಕ್ತದಲ್ಲಿ ಎಷ್ಟು ಇಳಿದಿತ್ತೆಂದರೆ, ಒಂದು ವರ್ಷ ತರಗತಿಯ ಗೋಡೆಗೆ ಹಾರ್ಕೂಮ್ ವಂಶವೃಕ್ಷ ಬರೆಯುವಾಗ ದೊಡ್ಡ ಎಡವಟ್ಟು ಮಾಡಿದರು. ಮೂರನೆಯ ಅರ್ಲ್‌ಗೆ ಮಕ್ಕಳಿರಲಿಲ್ಲ, ಪದವಿ ಅವನ ನೆಫ್ಯೂಗೆ ಹೋಯಿತು ಎಂದು ಪುಸ್ತಕದಲ್ಲಿತ್ತು. ಮಾಷ್ಟ್ರು ಹಿಂದೆಮುಂದೆ ನೋಡದೆ ಆ ಹುಡುಗನನ್ನು ಅರ್ಲನ ತಂಗಿಯ ಕೆಳಗೆ ಬರೆದುಬಿಟ್ಟರು. ನಿಜಕ್ಕೆ ಅವನು ಅರ್ಲನ ತಮ್ಮನ ಮಗ. ತಂಗಿ ಸಣ್ಣಂದಿನಿಂದಲೇ ಸನ್ಯಾಸಿನಿಯರ ಮಠದಲ್ಲಿದ್ದವಳು. ಇಡೀ ತರಗತಿ ಪರೀಕ್ಷೆಯಲ್ಲಿ ಹಾಗೆಯೇ ಬರೆಯಿತು. ವಿಭಾಗದ ಮುಖ್ಯಸ್ಥೆ, ಐರಿಷ್ ಹೆಂಗಸು, ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು, ನನ್ನ ಕೌಂಟರಿನ ಬಳಿ ನಿಂತಿದ್ದ ಮಾಷ್ಟ್ರ ಹತ್ತಿರ ಕೆಂಪಗಾಗಿ ಬಂದಳು. ಸನ್ಯಾಸಿನಿಗೆ ಮಗ ಹೇಗೆ ಹುಟ್ಟಿದ ಎಂದು ಅವಳ ಪ್ರಶ್ನೆ. ಮಾಷ್ಟ್ರು ಅವಳೆದುರು ತಲೆ ತಗ್ಗಿಸಿ ನಿಂತರು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, “ಅಲ್ಲ ಅಕ್ಕಾ, ಸ್ವಂತ ತಂಗಿ ಇರುವಾಗ ತಮ್ಮನ ಮಗನಿಗೆ ಯಾರು ಕೊಡ್ತಾರೆ?” ಎಂದರು. ನನಗೆ ನಕ್ಕು ನಕ್ಕು ಸಾಕಾಯಿತು.

ಇನ್ನೊಮ್ಮೆ ನಗುವ ಹಾಗಿರಲಿಲ್ಲ. ನಮ್ಮ ಶಾಲೆಯ ಒಬ್ಬಳು ಹುಡುಗಿಯ ಅಪ್ಪ, ಎಣ್ಣೆ ಕಂಪೆನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಇಂಗ್ಲಿಷಿನವನು, ತಾನು ಹಾರ್ಕೂಮರ ವಂಶಸ್ಥ ಎಂದು ಹೇಳಿಕೊಂಡು ಬಂದ. ಯಾವುದೋ ಆನ್‌ಲೈನ್ ಸಂಸ್ಥೆಯಿಂದ ಮಾಡಿಸಿದ ವಂಶಾವಳಿ, ಚಿನ್ನದ ಬಣ್ಣದ ಅಂಚು, ಸಿಂಹದ ಲಾಂಛನ. ಶಾಲೆಯ ಇತಿಹಾಸ ದಿನಕ್ಕೆ ಅದನ್ನು ಗೋಡೆಗೆ ಹಾಕಬೇಕಂತೆ. ಮಾಷ್ಟ್ರು ನನ್ನ ಕೌಂಟರಿನ ಮೇಲೆ ಅದನ್ನು ಬಿಡಿಸಿಟ್ಟು ನೋಡುತ್ತಾ ನೋಡುತ್ತಾ ಕಿವಿಯ ತುದಿ ಎಳೆಯತೊಡಗಿದರು.

“ಸರ್, ಇದರಲ್ಲಿ ನೀವಿಲ್ಲ,” ಎಂದು ಇಂಗ್ಲಿಷಿನಲ್ಲಿ ವಿನಯವಾಗಿಯೇ ಹೇಳಿದರು. ಆ ಮನುಷ್ಯನ ಮೂಲಪುರುಷ ಹಾರ್ಕೂಮರ ಮನೆಯವನಲ್ಲ, ಅವರ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಎಂದೂ ಸೇರಿಸಿದರು. ಆತ ನನ್ನ ಕೌಂಟರಿನಲ್ಲೇ ಕೂಗಾಡಿದ, ಮಗಳ ಟಿಸಿ ಕೊಡಿ ಎಂದ. ಪ್ರಿನ್ಸಿಪಾಲರು ಬಂದು ಮಾಷ್ಟ್ರನ್ನು ಪಕ್ಕಕ್ಕೆ ಕರೆದರು: ಒಂದು ದಿನದ ಮಟ್ಟಿಗೆ ಗೋಡೆಗೆ ಹಾಕಿದರೆ ಆಕಾಶ ಬೀಳುತ್ತದೆಯೇ? ಮಾಷ್ಟ್ರು ಒಪ್ಪಲಿಲ್ಲ. ಕೆಲಸ ಹೋಗುವುದಿತ್ತು; ಹೇಗೋ ಉಳಿಯಿತು.

“ಸುಳ್ಳು ಅಂತ ನಿಮಗೆ ಹೇಗೆ ಗೊತ್ತಾಯ್ತು ಮಾಷ್ಟ್ರೆ?” ಎಂದು ಆಮೇಲೆ ಕೇಳಿದೆ.

“ಅದರಲ್ಲಿ ಒಂದೂ ತೂತಿಲ್ಲ ಅಕ್ಕಾ. ಇಷ್ಟು ನೂರು ವರ್ಷದಲ್ಲಿ ಒಬ್ಬಳೇ ಒಬ್ಬಳು ಹೆಂಗಸಿನ ಹೆಸರೂ ಕಳೆದುಹೋಗಿಲ್ಲ. ನಿಜವಾದ ಮನೆತನದಲ್ಲಿ ಹಾಗೆ ಆಗುದಿಲ್ಲ. ಒಬ್ಬಳ ತವರು ಗೊತ್ತಿರುದಿಲ್ಲ, ಒಬ್ಬಳ ಹೆಸರು ಇರುದಿಲ್ಲ, ಒಂದು ಮಗು ಎಲ್ಲಿ ಹೋಯ್ತು ಅಂತ ಯಾರಿಗೂ ನೆನಪಿಲ್ಲ. ಸುಳ್ಳು ಕಟ್ಟುವವನಿಗೆ ತೂತು ಬಿಡ್ಲಿಕ್ಕೆ ಧೈರ್ಯ ಇಲ್ಲ.”

ನನ್ನ ಸೀಲಿನ ಲೆಕ್ಕವೂ ಅದೇ ಆದ್ದರಿಂದ ಅಂದು ಅವರ ಮೇಲೆ ಸ್ವಲ್ಪ ಗೌರವ ಬಂದದ್ದು ಹೌದು. ಆದರೆ ಮೂರೇ ದಿನ. ಮತ್ತೆ ಯಾರನ್ನೋ ಹಿಡಿದು ತಾಯಿ ಮನೆ ಕೇಳುತ್ತಿದ್ದುದನ್ನು ಕಂಡೆ, ಗೌರವ ಖಲಾಸ್.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಮಾಷ್ಟ್ರು ಸ್ವೆಟರ್ ಇಲ್ಲದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸಿಹಿತಿಂಡಿಯ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಯ ಬೆಲ್ ಒತ್ತಿದರು. ಜೊತೆಗೆ ರುವೈಸ್‌ನ ರಿಫೈನರಿಯಲ್ಲಿ ಇಂಜಿನಿಯರ್ ಆಗಿದ್ದ ಅವರ ಅಳಿಯ, ತಂಗಿಯ ಮಗ. ವಾರಾಂತ್ಯಕ್ಕೆ ಮಾವನ ಮನೆಗೆ ಬರುತ್ತಿದ್ದ ಹುಡುಗ; ಶಾಲೆಯ ವಾರ್ಷಿಕೋತ್ಸವದಲ್ಲಿ ಒಮ್ಮೆ ನೋಡಿದ್ದೆ. ನಮ್ಮ ಪದ್ಧತಿಯಂತೆ ಸೋದರಮಾವನೇ ಸಂಬಂಧ ಕೇಳಲು ಬಂದಿದ್ದರು. ನನ್ನ ಮಗಳು, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ರಜೆಯ ದಿನ ಹನ್ನೊಂದಕ್ಕೆ ಮೊದಲು ಏಳದವಳು, ಅಂದು ಮಿಂದು ಚೂಡಿದಾರ ಹಾಕಿ ತಯಾರಾಗಿ ನಿಂತಿದ್ದಳು. ನನಗೆ ಅಲ್ಲಿಯೇ ಅರ್ಥವಾಯಿತು. ಎಷ್ಟು ಸಮಯದಿಂದ ನಡೆಯುತ್ತಿದೆ ಇದು ಎಂದು ಅಡುಗೆಮನೆಯಲ್ಲಿ ಕೇಳಿದರೆ, “ಅಮ್ಮಾ, ಚಿಲ್,” ಎಂದಳು.

ಹುಡುಗನಲ್ಲಿ ತಪ್ಪು ಹುಡುಕಲು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ. ಆಮೇಲೆ ಮಾಷ್ಟ್ರ ಕಡೆ ತಿರುಗಿದೆ.

“ಇಷ್ಟು ವರ್ಷ ನೀವು ನಮಗೆ ಕೇಳಿದ್ದು. ಈಗ ನಾನು ಕೇಳುದು. ಹುಡುಗನ ತಾಯಿ ಮನೆ ಯಾವುದು?”

ಮಾಷ್ಟ್ರು ಮನೆಯ ಹೆಸರು ಹೇಳಿದರು, ಬರಿ ಹೇಳಿದರು. ನಮ್ಮದಲ್ಲದ ಬರಿ, ಸರಿ. ಆಮೇಲೆ ಕೇಳದೆಯೇ ಶುರು ಮಾಡಿದರು. ತಂಗಿಯ ತಾಯಿ, ಅವರ ತಾಯಿ, ಆ ತಾಯಿಯ ತಾಯಿ, ಅವರ ಅಕ್ಕತಂಗಿಯರು, ಯಾರು ಯಾವ ಊರಿಗೆ ಹೋದರು, ಯಾರಿಗೆ ಎಷ್ಟು ಮಕ್ಕಳು. ನೀರು ಹರಿದ ಹಾಗೆ ಹೇಳಿದರು. ತಂಗಿ ಬೊಂಬಾಯಿಯಲ್ಲಿ ಹುಟ್ಟಿದ್ದು, ಯಾವ ವಾರ, ಹೆರಿಗೆ ಮಾಡಿಸಿದ ನರ್ಸಿನ ಊರು ಕೂಡ. ನನ್ನ ಗಂಡ ತಲೆದೂಗುತ್ತಾ ಕುಳಿತಿದ್ದರು. ನನಗೆ ಮಾತ್ರ ಗುಮಾನಿ ಹತ್ತಿತು. ಎಲ್ಲಿಯೂ ಒಂದು ತೂತಿಲ್ಲ! ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಗೆ ಬಿದ್ದಿತಲ್ಲ ಎಂದುಕೊಂಡೆ.

ಅವರು ಲಿಫ್ಟ್ ಇಳಿಯುವುದರೊಳಗೆ ಊರಿಗೆ ಫೋನು ಮಾಡಿದೆ. ಮಾಷ್ಟ್ರು ಹೇಳಿದ ಮನೆ ನನ್ನ ಅಮ್ಮನ ಊರಿನಿಂದ ಹೊಳೆ ದಾಟಿದರೆ ಆಚೆ.

“ಆ ಮನೆಯಾ?” ಎಂದರು ಅಮ್ಮ. “ಅಲ್ಲಿ ಹೆಣ್ಣೇ ಹುಟ್ಲಿಲ್ಲ ಮಗಾ. ಮೂರೂ ಗಂಡು. ಮನೆ ನಿಂತುಹೋಗ್ತದೆ ಅಂತ ಆ ಹೆಂಗಸು ಹರಕೆ ಹೊರದ ಜಾಗ ಇಲ್ಲ. ಆಮೇಲೆ ಬೊಂಬಾಯಿಗೆ ಹೋದ್ರು, ಒಂದು ಕೂಸು ಹಿಡ್ಕೊಂಡು ಬಂದ್ರು. ಬಸುರಿ ಅಂತ ಯಾರೂ ನೋಡ್ಲಿಲ್ಲಪ್ಪ.”

ಮರುದಿನ ಮಧ್ಯಾಹ್ನ ಬನಿಯಾಸ್‌ಗೆ ಹೋದೆ. ಒಂದು ಮಲಯಾಳಿ ಕುಟುಂಬದ ಫ್ಲಾಟಿನಲ್ಲಿ, ಮದುವೆಯಾಗದ ಮಾಷ್ಟ್ರಿಗೆ ಒಂದು ಕೋಣೆ. ಮಂಚ, ಕೆಟಲ್, ಒಂದು ಕುರ್ಚಿ, ಗೋಡೆ ತುಂಬ ಹಾರ್ಕೂಮರು. ಚಹಾ ಮಾಡಲು ಎದ್ದವರನ್ನು ಕೂರಿಸಿ, ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ.

“ನಿಮ್ಮ ಅಮ್ಮನಿಗೆ ವಯಸ್ಸಾಯ್ತಲ್ಲ ಅಕ್ಕಾ...”

“ನನ್ನ ಅಮ್ಮನ ಸುದ್ದಿಗೆ ಬರ್ಬೇಡಿ. ನಿಮ್ಮ ಅಮ್ಮನ ಸುದ್ದಿ ಹೇಳಿ.”

ಪಕ್ಕದ ಕೋಣೆಯಲ್ಲಿ ಟೀವಿ ಕೇಳುತ್ತಿತ್ತು. ಅವರು ಗೋಡೆಯ ಕಡೆ ನೋಡುತ್ತಾ ಹೇಳಿದರು.

“ಅಮ್ಮ ಬೊಂಬಾಯಿಗೆ ಹೊರಟಾಗ ಬಸ್ಸಿನವರೆಗೆ ಗಂಟು ಹೊತ್ತವ ನಾನೇ. ಹೋಗುವಾಗ ಹೊಟ್ಟೆ ಇರ್ಲಿಲ್ಲ. ಬರುವಾಗ ಸೊಂಟದಲ್ಲಿ ಮಗು. ಹೆಣ್ಣು ಮಗುವನ್ನು ತಂದು ಸಾಕಿ ಮನೆ ಉಳಿಸುದು ನಮ್ಮಲ್ಲಿ ಹೊಸತಲ್ಲ, ನಿಮಗೂ ಗೊತ್ತುಂಟು. ಆದ್ರೆ ಅದನ್ನು ನಾಲ್ಕು ಜನರ ಎದುರು, ಗೊತ್ತಿದ್ದ ಮನೆಯಿಂದ ತಂದು ಮಾಡ್ಬೇಕು. ಅಮ್ಮನಿಗೆ ಯಾರೂ ಮಗು ಕೊಡ್ಲಿಲ್ಲ. ಅವರು ತಾನೇ ಹೆತ್ತದ್ದು ಅಂದ್ರು. ಊರೂ ಹೌದು ಅಂತು.”

“ಯಾರ ಮಗು ಅದು?”

“ಗೊತ್ತಿಲ್ಲ.”

“ಮಾಷ್ಟ್ರೆ!”

“ದೇವರಾಣೆ ಗೊತ್ತಿಲ್ಲ ಅಕ್ಕಾ. ಒಮ್ಮೆ ಕೇಳಿದ್ದಕ್ಕೆ ಅಮ್ಮ ಹೊಡೆದ್ರು. ನನಗೆ ಅವರು ಹೊಡೆದದ್ದು ಅದೊಂದೇ ಸಲ.”

ಗೋಡೆಯ ಮೇಲೆ ಹಾರ್ಕೂಮರ ಎಂಟುನೂರು ವರ್ಷ ಹಿಂದಿನ ಸೊಸೆಯ ಅಜ್ಜಿಯ ಹೆಸರು ಕೆಂಪು ಶಾಯಿಯಲ್ಲಿತ್ತು. ಸ್ವಂತ ತಂಗಿಯನ್ನು ಹೆತ್ತವಳ ಹೆಸರು ಈ ಮನುಷ್ಯನಿಗೆ ಗೊತ್ತಿರಲಿಲ್ಲ. ನನಗೆ ಪಾಪ ಎನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ? ಸಿಟ್ಟು ಬಂತು. ಪರರ ಮನೆಯ ಒಂದು ಸುಳ್ಳು ಅಜ್ಜಿಯನ್ನು ಬಿಡದವರು ನನ್ನ ಮನೆಗೆ ಬಂದು ಅಷ್ಟುದ್ದದ ಸುಳ್ಳು ಹೇಳಿದ್ದರು.

“ಈ ಇಂಗ್ಲಿಷರ ಹಿಂದೆ ಯಾಕೆ ಬಿದ್ದದ್ದು ನೀವು?”

“ಇವರ ಮನೆಯ ಗುಟ್ಟು ತೆಗೆದ್ರೆ ಅಳುವವರು ಯಾರೂ ಇಲ್ಲ,” ಎಂದರು. “ನಾನು ಊರವರನ್ನೆಲ್ಲ ತಾಯಿ ಮನೆ ಕೇಳುದು ನಿಮಗೆ ಡೌಟು, ಗೊತ್ತುಂಟು ನನಗೆ. ನಮ್ಮ ಕಡೆಯವರು ಯಾರಾದ್ರೂ ಇಲ್ಲಿಗೆ ಬಂದು, ಆ ಮನೆಯಲ್ಲಿ ಹೆಣ್ಣು ಇರ್ಲಿಲ್ಲ ಅಂತ ಹೇಳಿ, ಅದು ವಾಟ್ಸಾಪಿನಲ್ಲಿ ನನ್ನ ತಂಗಿಗೆ ಮುಟ್ಟಿದ್ರೆ? ಹಾಗೆ ಆಗದ ಹಾಗೆ ಕಾಯ್ತಿದ್ದೆ, ಅಷ್ಟೆ. ಹೊಳೆಯಾಚೆಯ ಊರಿನವರು ನೀವು. ನಿಮ್ಮನ್ನು ಕಂಡಾಗ ಮೊದಲು ಹೆದರಿದ್ದು ನಾನೇ.”

“ಹಾಗಾದ್ರೆ ತಂಗಿಗೆ ಗೊತ್ತಿಲ್ವಾ?”

“ಇಲ್ಲ. ಗೊತ್ತಾಗ್ಲೂ ಬಾರದು. ಅವಳಿಗೆ ನಮ್ಮ ಮನೆ ಅಂದ್ರೆ ಪ್ರಾಣ. ಅಮ್ಮ ಹೋದ ಮೇಲೆ ದೀಪ ಇಡುವವಳು ಅವಳು.” ಆಗ ಆ ಎತ್ತರದ ಮನುಷ್ಯ ನನ್ನೆದುರು ಕೈ ಮುಗಿದರು. “ಸಂಬಂಧ ಬೇಡ ಅಂದ್ರೆ ಬೇಡ ಅಕ್ಕಾ. ನಿಮ್ಮ ಇಷ್ಟ. ಆದ್ರೆ ಕಾರಣ ಬೇರೆ ಹೇಳಿ. ರುವೈಸ್ ದೂರ ಅನ್ನಿ. ಹುಡುಗನಿಗೆ ಕೊಬ್ಬು ಅನ್ನಿ. ಮಾವ ಸರಿ ಇಲ್ಲ ಅನ್ನಿ, ನಾನು ಹೂಂ ಅಂತೇನೆ. ಅವಳಿಗೆ ಮಾತ್ರ ಇದು ಮುಟ್ಟಬಾರದು.”

ಚಹಾ ಕುಡಿಯದೆ ಬಂದೆ. ಮನೆಗೆ ಬಂದು ಗಂಡನಿಗೂ ಮಗಳಿಗೂ ಹೇಳಿದೆ. ಗಂಡ, “ನದೀಮೂಲ, ಋಷಿಮೂಲ, ಹೆಣ್ಣಿನ ಮೂಲ ಹುಡುಕಬಾರದು ಅಂತ ಹಿರಿಯರು ಸುಮ್ಮನೆ ಹೇಳಿದ್ದಾ?” ಎಂದು ಮತ್ತೆ ಟೀವಿಗೆ ತಿರುಗಿದರು. ಮಗಳು ನನ್ನ ಮುಖವನ್ನೇ ನೋಡಿದಳು.

“ದಟ್ಸ್ ಆಲ್? ನಿನ್ನ ಮುಖ ನೋಡಿ, ಅವನಿಗೆ ರುವೈಸ್‌ನಲ್ಲಿ ಇನ್ನೊಂದು ಹೆಂಡತಿ ಉಂಟು ಅಂದುಕೊಂಡೆ ನಾನು.” ಆಮೇಲೆ ಮೆಲ್ಲಗೆ, “ಆಂಟಿಗೆ ಗೊತ್ತಾಗಬಾರದು, ಅಲ್ವಾ? ಓಕೆ. ಅವನಿಗೆ ಯಾವಾಗ ಹೇಳ್ಬೇಕು ಅಂತ ನಾನು ನೋಡಿಕೊಳ್ತೇನೆ. ನೀನು ಅಜ್ಜಿಯ ಬಾಯಿ ಮುಚ್ಚಿಸು,” ಎಂದಳು.

ಅಜ್ಜಿಯ ಬಾಯಿ! ಅದೇ ಕಷ್ಟ. ನನ್ನ ಅಮ್ಮ ಕೆಟ್ಟವರಲ್ಲ. ಆದರೆ ಅವರ ಹೊಟ್ಟೆಯಲ್ಲಿ ಮಾತು ಅರಗುವುದಿಲ್ಲ. ನಿಶ್ಚಿತಾರ್ಥ ದುಬೈಯ ಕರಾಮದ ಒಂದು ಹೋಟೆಲಿನ ಮಾಳಿಗೆಯ ಹಾಲ್‌ನಲ್ಲಿ ಎಂದಾಯಿತು. ಅಮ್ಮ ವಿಸಿಟ್ ವೀಸಾದಲ್ಲಿ ಬಂದರು. ಮಾಷ್ಟ್ರ ತಂಗಿಯೂ ಬಂದರು. ಬರುವ ದಾರಿಯಲ್ಲಿ ಕಾರಿನಲ್ಲಿ ಅಮ್ಮನಿಂದ ಮಾತು ತೆಗೆದುಕೊಂಡೆ. “ನಾನು ಯಾಕೆ ಹೇಳ್ಲಿ? ನನಗೆ ಎಂತ ಹುಚ್ಚಾ?” ಎಂದರು. ಅವರು ಹಾಗೆಂದಾಗಲೇ ನನಗೆ ಭಯ ಹೆಚ್ಚಾಯಿತು.

ತಂಗಿಯನ್ನು ಅಂದು ಮೊದಲು ನೋಡಿದ್ದು. ಕುಳ್ಳಗೆ, ದುಂಡಗೆ, ಹಲ್ಲೆಲ್ಲ ತೋರಿಸಿ ನಗುವ ಹೆಂಗಸು. ಅಣ್ಣನಿಗೂ ಅವರಿಗೂ ಉಗುರಿನಷ್ಟೂ ಹೋಲಿಕೆ ಇಲ್ಲ. ಮಾಷ್ಟ್ರು ಅವರ ಬೆನ್ನು ಬಿಡಲಿಲ್ಲ. ಯಾರು ಮಾತಾಡಿಸಿದರೂ ನಡುವೆ ಇವರು. ಪಾಸ್‌ಪೋರ್ಟ್ ಎಲ್ಲಿಟ್ಟೆ, ಮಾತ್ರೆ ತಗೊಂಡೆಯಾ, ಆ ಕುರ್ಚಿಯಲ್ಲಿ ಕೂರಬೇಡ ಏಸಿ ಬೀಳ್ತದೆ. ವೀಳ್ಯ ಬದಲಾಯಿತು, ಉಂಗುರ ಹಾಕಿದರು, ಎಲ್ಲ ಸುಸೂತ್ರ. ಗೆದ್ದೆ ಎಂದುಕೊಂಡು ನಾನು ಊಟಕ್ಕೆ ಕುಳಿತೆ. ಎದುರಿನ ಸಾಲಿನಲ್ಲಿ ಅಮ್ಮ, ಅವರ ಪಕ್ಕ ತಂಗಿ. ಮಾಷ್ಟ್ರು ತಾವೇ ಪಾಯಸದ ಪಾತ್ರೆ ಹಿಡಿದು ಬಡಿಸುತ್ತಾ ಬಂದರು.

“ಅಲ್ಲ ಮಗಾ,” ಎಂದರು ಅಮ್ಮ, ತಂಗಿಯ ಕೈ ಹಿಡಿದು, ಇಡೀ ಸಾಲಿಗೆ ಕೇಳುವ ಹಾಗೆ. “ನಿನ್ನ ಅಮ್ಮ ಬಸುರಿ ಇದ್ದದ್ದು ನಮ್ಮ ಕಡೆ ಯಾರೂ ನೋಡ್ಲೇ ಇಲ್ವಲ್ಲ?”

ಮಾಷ್ಟ್ರ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಅವರ ಮುಖ ಬೂದಿಯಾಗಿತ್ತು. ನನ್ನ ಮಗಳು ಆ ಕಡೆಯಿಂದ ನನ್ನನ್ನು ತಿನ್ನುವ ಹಾಗೆ ನೋಡಿದಳು.

ತಂಗಿ ಮಾತ್ರ ನಕ್ಕರು. “ಹೌದಾ ಅಮ್ಮಾ, ನೋಡ್ಲಿಲ್ವಾ? ಹೇಗೆ ನೋಡುದು? ಹೋಗುವಾಗ ಎರಡು ತಿಂಗಳಂತೆ. ಮೂರು ಗಂಡು ಆದ ಮೇಲೆ ದೃಷ್ಟಿ ತಾಗ್ತದೆ ಅಂತ ಯಾರಿಗೂ ಹೇಳ್ಲಿಲ್ಲಂತೆ. ಹೆತ್ತು, ಬಾಣಂತನ ಮುಗಿಸಿಯೇ ಬಂದದ್ದು. ನನ್ನ ಮೂಗು ನೋಡಿ, ಅಮ್ಮನದೇ ಅಲ್ವಾ? ನೀವು ಅವರನ್ನು ಕಂಡಿದ್ದೀರಿ, ನೀವೇ ಹೇಳ್ಬೇಕು.”

ಅಮ್ಮ ಆ ಮೂಗನ್ನು ಹಿಂದಿನಿಂದ ಮುಂದಿನಿಂದ ನೋಡಿ, “ಹೌದಪ್ಪ, ಮೂಗು ಅದೇ,” ಎಂದು ಒಪ್ಪಿಕೊಂಡರು. ಮಾಷ್ಟ್ರು ಉಸಿರು ಬಿಟ್ಟು, ತಂಗಿಯ ಎಲೆಗೆ ಬೇಡ ಬೇಡವೆಂದರೂ ಮೂರು ಸೌಟು ಪಾಯಸ ಹಾಕಿದರು. ಸಾಲಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಉತ್ತರ ತುಂಬಾ ತಯಾರಾಗಿತ್ತು.

ಊಟ ಮುಗಿದು ಕೈತೊಳೆಯುವಲ್ಲಿ ನಾನು ತಂಗಿಯ ಪಕ್ಕಕ್ಕೇ ಹೋಗಿ ನಿಂತೆ. ಅವರು ನಲ್ಲಿ ತಿರುಗಿಸಿ, ನನ್ನ ಕಡೆ ನೋಡದೆ ಹೇಳಿದರು:

“ನಿಮ್ಮ ಅಮ್ಮನಿಗೆ ಬೈಬೇಡಿ. ಅವರು ಹೇಳಿದ್ದು ಸರಿಯೇ.”

“ನಿಮಗೆ ಗೊತ್ತುಂಟಾ?”

“ಅಮ್ಮ ಸಾಯುವ ಮೊದಲು ಕರೆದು ಹೇಳಿದ್ರು. ಅಣ್ಣನಿಗೆ ಹೇಳ್ಬೇಡ, ಅವ ತಡ್ಕೊಳ್ಳುದಿಲ್ಲ ಅಂದ್ರು.”

ಅಂಥ ಹೊತ್ತಿನಲ್ಲೂ ನನ್ನ ಬುದ್ಧಿ ಬಿಡಲಿಲ್ಲ. “ಯಾರ ಮಗು ಅಂತಲೂ ಹೇಳಿದ್ರಾ?” ಎಂದೆ.

“ಹೇಳಿದ್ರು.” ಅವರು ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. “ನಿಮಗೆ ಬೇಕಾ ಅದು? ಮಗಳ ತಾಯಿ ನೀವು, ಕೇಳಿದ್ರೆ ಹೇಳ್ಬೇಕಾದ್ದೇ. ನಿಮ್ಮ ಬರಿ ಅಲ್ಲ. ಅಷ್ಟು ನೋಡಿಕೊಂಡೇ ನಾನು ಇಲ್ಲಿಗೆ ಬಂದದ್ದು.”

ಜೀವಮಾನವಿಡೀ ಜನರ ಕಾಗದ ಕೆದಕಿದವಳು ನಾನು. ಬೇಡ ಎಂದೆ. ಅಳು ಬಂತು, ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. “ಆದ್ರೆ ಅಣ್ಣನಿಗೆ ಹೇಳಿ. ಪಾಪ, ಅವರು ಇಷ್ಟು ವರ್ಷ ಅದೇ ಹೆದರಿಕೆಯಲ್ಲಿ...” ಎಂದೆ.

“ಅದಕ್ಕೇ ಹೇಳುದಿಲ್ಲ,” ಎಂದರು ಅವರು. “ಅವ ಮದುವೆ ಯಾಕೆ ಆಗ್ಲಿಲ್ಲ ಅಂತ ಮಾಡಿದ್ರಿ? ಬಂದವಳು ಬಾಯಿ ಬಿಟ್ಟು ನನಗೆ ಗೊತ್ತಾಗ್ತದೆ ಅಂತ. ಈಗ ನಾನು ಹೋಗಿ, ಅಣ್ಣಾ ನನಗೆ ಮೊದಲೇ ಗೊತ್ತಿತ್ತು ಅಂದ್ರೆ, ಅವನ ಅಷ್ಟು ವರ್ಷ ಎಂತಕ್ಕಾಯ್ತು ಅಕ್ಕಾ?”

ಹೊರಗಿನಿಂದ ಮಾಷ್ಟ್ರು ತಂಗಿಯ ಹೆಸರು ಹಿಡಿದು ಕರೆದರು. ಅವರು ಬಂದೆ ಎನ್ನುತ್ತಾ ಹೋದರು.

ಬೀಳ್ಕೊಡುಗೆಯಾದ ವಾರ ಮಾಷ್ಟ್ರ ವೀಸಾ ರದ್ದಾಯಿತು. ಊರಿಗೆ ಹೋಗಿ ತಂಗಿಯ ಜೊತೆ ಇರುವುದೆಂದು ತೀರ್ಮಾನ. ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹಾರ್ಕೂಮರನ್ನು ಗೋಡೆಯಿಂದ ತೆಗೆದು ಏನು ಮಾಡಿದಿರಿ ಎಂದರೆ, ಐರಿಷ್ ಹೆಂಗಸಿಗೆ ಕೊಟ್ಟೆ ಎಂದರು. ದಾರಿಯುದ್ದಕ್ಕೂ ಮದುವೆಯ ಮಾತು: ಯಾವ ಹಾಲ್, ಊಟಕ್ಕೆ ಯಾರು. ಟ್ರಾಲಿಗೆ ಪೆಟ್ಟಿಗೆ ಏರಿಸಿದ ಮೇಲೆ ಹೋಗದೆ ನಿಂತರು.

“ಅಕ್ಕಾ, ಅಂದು ಕರಾಮದಲ್ಲಿ ಕೈ ತೊಳೆಯುವಲ್ಲಿ ಅವಳು ನಿಮ್ಮ ಹತ್ರ ತುಂಬ ಹೊತ್ತು ಮಾತಾಡಿದ್ಲು. ಎಂತ ಹೇಳಿದ್ಲು?”

ನೋಡಿ, ಅದನ್ನೂ ಬಿಟ್ಟಿರಲಿಲ್ಲ. ಇಷ್ಟು ತಿಂಗಳು ಒಳಗೇ ಇಟ್ಟುಕೊಂಡಿದ್ದರು.

“ನಿಮ್ಮ ಬಿಪಿಯ ಸುದ್ದಿ. ಅಣ್ಣ ಮಾತ್ರೆ ಸರಿಯಾಗಿ ತಗೊಳ್ತಾನಾ ಅಂತ ಕೇಳಿದ್ರು.”

“ನಿಮ್ಮ ಅಮ್ಮ ಹಾಗೆ ಕೇಳಿದ ಮೇಲೆ ಅವಳಿಗೆ ಏನಾದ್ರೂ ಡೌಟು ಬಂತಾ?”

“ಇಲ್ಲ ಮಾಷ್ಟ್ರೆ.”

“ಅವಳಿಗೆ ಎಂತದೂ ಗೊತ್ತಿಲ್ಲ, ಅಲ್ವಾ?”

“ಎಂತದೂ ಗೊತ್ತಿಲ್ಲ,” ಎಂದೆ.

ಜನ್ಮದಲ್ಲಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಮನುಷ್ಯ ಅದನ್ನು ನಂಬಿದರು. ಮುಖ ಹಗುರಾಯಿತು.

“ಬಚಾವ್,” ಎಂದರು. “ಇನ್ನು ನಾನು ಮನೆಯಲ್ಲೇ ಇರ್ತೇನಲ್ಲ. ನೋಡಿಕೊಳ್ತೇನೆ.”

ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು.